ಪರದೆಯೊಳಗಿನ ಪಾರುಪತ್ಯಗಾರ

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಬೆಳ್ಳಿಗಿರಿ ಎಂಬ ರಾಜ್ಯದಲ್ಲಿ ಬೊಮ್ಮಣ್ಣನೆಂಬುವನು ಅರಮನೆಯ ಪಲ್ಲಕ್ಕಿ ಹೊರುತ್ತಿದ್ದ. ಮುಂದಿನ ಹೆಗಲು ಅವನದು. ಹಿಂದೆ ಹೊರುವವರಿಗೆ ದಾರಿ ಕಾಣದು. ಆದ್ದರಿಂದ ಮುಂದಿನವನು ಕಂಡದ್ದನ್ನು ಕೂಗಬೇಕು: "ಮುಂದೆ ಕಲ್ಲು!" "ಮುಂದೆ ಹಳ್ಳ!" ಹಿಂದಿನವರು ಅದನ್ನೇ ನಂಬಿ ಹೆಜ್ಜೆಯಿಡಬೇಕು.

ಹೆಗಲು ಹುಣ್ಣಾದರೂ ಅವರಿಗೆ ಬಿಡುವಿಲ್ಲ. ಕುಸಿದವನನ್ನು ಅರಮನೆಯ ಆಳುಗಳ ಮೇಲ್ವಿಚಾರಕನಾದ ಪಾರುಪತ್ಯಗಾರ ದಾರಿಯಲ್ಲೇ ಬಿಟ್ಟು ಉಳಿದವರನ್ನು ನಡೆಸುತ್ತಿದ್ದ. ರೋಸಿಹೋದ ಬೊಮ್ಮಣ್ಣ ಸಂಘ ಕಟ್ಟಲು ಹೊರಟ. ರಾಜ್ಯದ ಕಟ್ಟಳೆ ಸ್ಪಷ್ಟವಾಗಿತ್ತು: ಅರ್ಧಕ್ಕಿಂತ ಹೆಚ್ಚು ಮಂದಿ ಸಭೆಯಲ್ಲಿ ಕೈಯೆತ್ತಿದರೆ ಸಂಘ ಉಂಟು. ಅಲ್ಲಿಯವರೆಗೆ ಯಾರೂ ಬೆದರಿಸಬಾರದು, ಆಮಿಷ ಒಡ್ಡಬಾರದು, ಸುಳ್ಳಾಡಬಾರದು. ಒಡೆಯನಿಗೂ ಅದೇ, ಆಳಿಗೂ ಅದೇ.

ಪಾರುಪತ್ಯಗಾರ ಮೊದಲು ಬಂದು, "ಕೈಯೆತ್ತಿದವನಿಗೆ ಕೆಲಸವಿಲ್ಲ" ಎಂದ. ಮತ್ತೆ ಬಂದು, "ಎತ್ತದವನಿಗೆ ರೇಷ್ಮೆ ಪೇಟ" ಎಂದ. ಮೂರನೆಯ ಸಲ, "ಬೊಮ್ಮ ನಿಮ್ಮನ್ನೆಲ್ಲ ನೆರೆರಾಜ್ಯಕ್ಕೆ ಮಾರಿದ್ದಾನೆ" ಎಂದ. ಜತೆಗಾರರು ಬೊಮ್ಮಣ್ಣನ ಕಣ್ಣು ತಪ್ಪಿಸತೊಡಗಿದರು.

ಹಿಂದಿನ ಹೆಗಲಿನ ಲಕ್ಕ ಹೇಳಿದ: "ಅಣ್ಣಾ, ನಾವೂ ಒಂದು ಸುಳ್ಳು ಬಿಡೋಣ. ಮಹಾರಾಜರೇ ನಮ್ಮ ಕಡೆ ಅಂತ. ಮುಳ್ಳನ್ನು ಮುಳ್ಳಿಂದಲೇ ತೆಗೀಬೇಕಲ್ಲ?"

"ಹಳ್ಳ ಇರೋ ಕಡೆ ಹಾಸುಗಲ್ಲು ಅಂತ ಕೂಗಿದರೆ ಮುರಿಯೋದು ಯಾರ ಕಾಲೋ? ನಿಂದು!" ಬೊಮ್ಮಣ್ಣ ಗುಡುಗಿದ. "ನಿನ್ನ ನಂಬಿಕೆಗೆ ಮಣ್ಣು ಹಾಕಿ ಕಟ್ಟೋ ಸಂಘ ನನಗೆ ಬೇಡ."

ಮಹಾರಾಜರೆದುರು ಸಭೆ ಸೇರುವ ದಿನ ಬಂತು. ಪಾರುಪತ್ಯಗಾರ ಪರದೆ ಇಳಿಬಿಟ್ಟುಕೊಂಡು ಅರಮನೆಗೆ ಹೊರಟ ಪಲ್ಲಕ್ಕಿಯಲ್ಲಿ ಒರಗಿದ. ಹೊರುವವರ ಕೂಗಿಗೆ ಅವನು ಎಂದೂ ಕಿವಿಗೊಟ್ಟವನಲ್ಲ.

"ಮುಂದೆ ಅರಮನೆ!" ಬೊಮ್ಮಣ್ಣ ಕೂಗಿದ.

"ಬಾಯಿ ಮುಚ್ಚೋ!" ಪರದೆಯೊಳಗಿನಿಂದ ಪಾರುಪತ್ಯಗಾರ ಗದರಿದ.

"ಮುಂದೆ ಸಭೆ!"

"ಅರಚಬೇಡವೋ ಕತ್ತೆ!"

"ಮುಂದೆ ಮಹಾರಾಜರು!"

"ಥೂ! ಯಾವ ಮಹಾರಾಜನೋ? ಅವನ ಕಟ್ಟಳೆ ನನ್ನ ಚಪ್ಪಲಿಯ ಕೆಳಗೆ! ನಿನ್ನ ಮೇಲೆ ಒಂದು ಕಥೆ ಕಟ್ಟಿದೆ, ಇನ್ನೂ ನೂರು ಕಟ್ತೀನಿ! ಕೈಯೆತ್ತಿದವರನ್ನೆಲ್ಲ ಓಡಿಸ್ತೀನಿ!"

ಪಲ್ಲಕ್ಕಿ ನೆಲಕ್ಕಿಳಿಯಿತು. ಪರದೆ ಸರಿಸಿದವರು ಸ್ವತಃ ಮಹಾರಾಜರು.

"ಪ್ರಭೂ, ತಾವು ಮುಂದೆ ಇದ್ದೀರೆಂದು ಈ ಕಳ್ಳರು ನನಗೆ ಹೇಳಲೇ ಇಲ್ಲ!"

"ಹೇಳಿದೆ ಒಡೆಯಾ," ಎಂದ ಬೊಮ್ಮಣ್ಣ, "ಮೂರು ಸಲ."

ಸಭೆ ಗೊಳ್ಳೆಂದಿತು. ಮಹಾರಾಜರು ನಗಲಿಲ್ಲ. "ಕಟ್ಟಳೆಯನ್ನು ಆಳು ಮುರಿದರೆ ಅಪರಾಧ, ನೀನು ಮುರಿದರೆ ಜಾಣತನವೋ?" ಎಂದು ಅಧಿಕಾರದ ಮುದ್ರೆಯನ್ನು ಕಿತ್ತುಕೊಂಡು ಅವನನ್ನು ಹೊರದಬ್ಬಿಸಿದರು. ಲಕ್ಕ ಮೊದಲು ಕೈಯೆತ್ತಿದ. ಆಮೇಲೆ ಎಲ್ಲರೂ ಎತ್ತಿದರು.

ತೃಪ್ತರಾದ ಮಹಾರಾಜರು ಉದ್ಯಾನಕ್ಕೆ ಹೋಗಲು ಪಲ್ಲಕ್ಕಿಯತ್ತ ನಡೆದರು. ಬೊಮ್ಮಣ್ಣ ಅಡ್ಡ ನಿಂತ. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಸ್ವಾಮಿ, ಹುಣ್ಣು ಮಾಯುವವರೆಗೆ ನಮ್ಮವರು ಹೊರುವುದಿಲ್ಲ. ಇದು ಸಂಘದ ಮೊದಲ ಮಾತು."

ಮಹಾರಾಜರು ಅಂದು ನಡೆದೇ ಹೋದರು.

ತಿಳಿಯಿತೇ ಮಕ್ಕಳೇ? ದುಡಿಯುವವರ ಒಗ್ಗಟ್ಟನ್ನು ಸುಳ್ಳಿನಿಂದ ಒಡೆಯುವುದು ದ್ರೋಹ. ಸುಳ್ಳಿನಿಂದ ಕಟ್ಟುವುದೂ ದ್ರೋಹವೇ. ಆಳಿಗೊಂದು, ಒಡೆಯನಿಗೊಂದು ಕಟ್ಟಳೆಯಿರುವ ನಾಡು ನ್ಯಾಯದ ಹೆಸರೆತ್ತಲೂ ಯೋಗ್ಯವಲ್ಲ.