ಒಬ್ಬನೇ ಇದ್ದ ದಿಬ್ಬಣ

"ಗುರುಗಳೇ, ತಡವಾಗಿ ಬರುವ ಭಕ್ತನಿಗಾಗಿ ದೇವರು ಎಷ್ಟು ದಿನ ಕಾಯುತ್ತಾನೆ?"

ಕೇಳಿದವನು ಕಲ್ಮೇಶ. ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಬರುವ ಮೊದಲೇ ನಿಂಬೆವ್ವ ಎಂಬ ಹುಡುಗಿಯ ಜೊತೆ ಅವನ ಮದುವೆ ನಿಶ್ಚಯವಾಗಿತ್ತು. 'ಸ್ವಲ್ಪ ಓದಿಕೊಂಡು ಬರುತ್ತೇನೆ, ಕಾಯುತ್ತಿರು' ಎಂದು ಅವಳಿಗೆ ಹೇಳಿ ಬಂದಿದ್ದ. ಅವಳು ಪ್ರತಿ ಸೋಮವಾರ ಬಸ್ಸಿನ ಕಂಡಕ್ಟರನ ಕೈಯಲ್ಲಿ ರೊಟ್ಟಿಯ ಗಂಟು ಕಳಿಸುತ್ತಿದ್ದಳು. ಅದರಲ್ಲಿದ್ದ ಶೇಂಗಾ ಚಟ್ನಿ ಗುರುಗಳ ತಟ್ಟೆಗೂ ಬೀಳುತ್ತಿತ್ತು. ಈಗ ಎರಡು ಸೋಮವಾರ ಬಸ್ಸು ಬಂದಿತ್ತು, ಗಂಟು ಬಂದಿರಲಿಲ್ಲ. ಕಲ್ಮೇಶ ಇದನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಊಟಕ್ಕೆ ಚಟ್ನಿ ಇಲ್ಲದಿದ್ದರೆ ಯಾರಿಗೆ ತಾನೆ ತಿಳಿಯುವುದಿಲ್ಲ?

ಗುರುಗಳು ಅವನ ಮುಖ ನೋಡಿದರು.

"ದೇವರ ವಿಷಯ ನನಗೆ ಗೊತ್ತಿಲ್ಲಪ್ಪ. ರೈಲಿನ ವಿಷಯ ಗೊತ್ತು. ಕೂತುಕೋ."

ಕಲ್ಮೇಶ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ದರ್ಜಿ ಇದ್ದ. ದರ್ಜಿಗಳಿಗೆ ಒಂದು ರೋಗವಿದೆ. ಯಾವ ಬಟ್ಟೆ ಕೊಟ್ಟರೂ 'ನಾಳೆ ಬನ್ನಿ' ಎನ್ನುತ್ತಾರೆ. ಅದು ಬೇಕೆಂದು ಹೇಳುವ ಸುಳ್ಳಲ್ಲ. ಹೇಳುವ ಗಳಿಗೆಯಲ್ಲಿ ಅವರಿಗೂ ಅದು ನಿಜವೆಂದೇ ಅನ್ನಿಸಿರುತ್ತದೆ. ಈ ದರ್ಜಿ ದೂರದ ಪಟ್ಟಣದಲ್ಲಿ ಅಂಗಿ ಹೊಲಿಯುತ್ತಿದ್ದ. ಹೆಂಡತಿ ಊರಲ್ಲಿದ್ದಳು. ಗಿರಾಕಿಗೆ ಹೇಳಿದ ಹಾಗೆಯೇ ಅವಳಿಗೂ ಹೇಳುತ್ತಿದ್ದ: 'ಬರುವ ತಿಂಗಳು ಬಂದೇ ಬರುತ್ತೇನೆ.'

ಊರು ಮುಟ್ಟಲು ಎರಡು ಗಾಡಿ ಹಿಡಿಯಬೇಕು. ಒಂದು ಪಟ್ಟಣದಿಂದ ಜಂಕ್ಷನ್ನಿಗೆ. ಇನ್ನೊಂದು ಜಂಕ್ಷನ್ನಿನಿಂದ ಊರಿಗೆ. ಈ ಎರಡನೆಯ ಗಾಡಿ ವಾರಕ್ಕೊಮ್ಮೆ ಮಾತ್ರ ಓಡುತ್ತಿತ್ತು. ಅದು ತಪ್ಪಿದರೆ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಊರು ಕಾಣುವಷ್ಟರಲ್ಲಿ ರಜೆಯೇ ಮುಗಿದಿರುತ್ತಿತ್ತು.

ಮೊದಲ ಸಲ ಅವನು ಎರಡು ಗಾಡಿಗಳ ನಡುವೆ ಅರ್ಧ ಗಂಟೆ ಬಿಟ್ಟ. ಹೊಲಿಗೆಗೆ ಅಂಚು ಬಿಡದೆ ಕತ್ತರಿಸಿದ ಅಂಗಿಯ ಹಾಗಾಯಿತು. ಮೊದಲ ಗಾಡಿ ತಡವಾಯಿತು. ಎರಡನೆಯದು ಹೋಗಿಬಿಟ್ಟಿತ್ತು. ಅತ್ತ ಹೆಂಡತಿ ಬದನೆಕಾಯಿ ಎಣ್ಣೆಗಾಯಿ ಮಾಡಿಕೊಂಡು ಸ್ಟೇಷನ್ನಿಗೆ ಬಂದಿದ್ದಳು. ಗಾಡಿ ಬಂತು, ಗಂಡ ಇಳಿಯಲಿಲ್ಲ. ಎಣ್ಣೆಗಾಯಿಯನ್ನು ಸ್ಟೇಷನ್ನಿನ ನಾಯಿಗೆ ಹಾಕಿ ಮನೆಗೆ ಹೋದಳು.

ಎರಡನೇ ಸಲ ದರ್ಜಿ ಬುದ್ಧಿವಂತನಾದ. ನಡುವೆ ಒಂದು ಇಡೀ ಹಗಲು ಬಿಟ್ಟ. ಜಂಕ್ಷನ್ನಿಗೆ ಬಂದ. ಸ್ನಾನ ಮಾಡಿದ. ಇಡ್ಲಿ ತಿಂದ. ಚಹಾ ಕುಡಿದ. ತೂಕದ ಯಂತ್ರದ ಮೇಲೆ ಹತ್ತಿ ತನ್ನ ತೂಕ ನೋಡಿದ. ಮತ್ತೆ ಚಹಾ ಕುಡಿದು, ಚಹಾ ಎಷ್ಟು ತೂಗುತ್ತದೆ ಎಂದು ಮತ್ತೊಮ್ಮೆ ಹತ್ತಿ ನೋಡಿದ. ಆದರೂ ಹೊತ್ತು ಉಳಿಯಿತು. ಬೆಂಚಿನ ಮೇಲೆ ಒರಗಿದ. ಎಚ್ಚರವಾದಾಗ ಗಾಡಿಯ ಕೊನೆಯ ಬೋಗಿಯ ಬೆನ್ನು ಕಾಣುತ್ತಿತ್ತು. ಅತ್ತ ಹೆಂಡತಿ ಆ ಸಲ ಬರಿಗೈಯಲ್ಲಿ ಬಂದಿದ್ದಳು. ನಾಯಿ ಅವಳನ್ನು ಗುರುತು ಹಿಡಿದು ಬಾಲ ಆಡಿಸಿತು. ಅವಳಿಗೆ ಅದನ್ನು ಕಂಡೇ ಅಳು ಬಂತು.

ಆಮೇಲೆ ಫೋನಿನಲ್ಲಿ ಅವಳು ನಾಯಿಯ ಕತೆ ಹೇಳಿದಳು, ಹೆಚ್ಚು ಮಾತಾಡಲಿಲ್ಲ. "ಮೂರನೇ ಸಲಾನೂ ಬರ್ತೀನಿ. ನಾಕನೇ ಸಲ ನಾ ಸ್ಟೇಷನ್ನಿಗೆ ಬಂದ್ರ, ತವರಿಗೆ ಹೋಗೋ ಗಾಡಿ ಹತ್ತಾಕ ಬಂದಿರ್ತೀನಿ, ನೋಡ್ರಿ ಮತ್ತ."

ದರ್ಜಿ ಅವಳಿಗಾಗಿ ಒಂದು ಕುಪ್ಪಸ ಹೊಲಿದ. ಅಳತೆ ಇರಲಿಲ್ಲ, ನೆನಪಿನಿಂದ ಹೊಲಿದ. ಕಾಣದ ಎರಡು ವರ್ಷದಲ್ಲಿ ಅವಳು ಸೊರಗಿದ್ದಾಳೋ ಮೈತುಂಬಿದ್ದಾಳೋ ಅವನಿಗೆ ತಿಳಿಯದು. ಆದ್ದರಿಂದ ಒಳಗೆ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟ. ಹಾಗೆಯೇ ಗಾಡಿಗಳ ನಡುವೆ ಎರಡು ಗಂಟೆ ಬಿಟ್ಟ. ಗಾಡಿ ತಡವಾದರೂ ಸಾಕು, ನಿದ್ದೆಗೆ ಮಾತ್ರ ಸಾಲದು ಎಂದುಕೊಂಡ.

ಆ ದಿನ ಮೊದಲ ಗಾಡಿಯನ್ನು, ಲೆಕ್ಕ ತಪ್ಪಿದ ಹುಡುಗನನ್ನು ಮಾಸ್ತರರು ಮೂಲೆಗೆ ನಿಲ್ಲಿಸಿದ ಹಾಗೆ, ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲಿಸಿಬಿಟ್ಟರು. ಉಳಿದ ಗಾಡಿಗಳೆಲ್ಲ ಕೂಗು ಹಾಕುತ್ತ ಮುಂದೆ ಹೋದವು. ಇದು ಹೊರಡುವಷ್ಟರಲ್ಲಿ ಅವನು ಬಿಟ್ಟಿದ್ದ ಎರಡು ಗಂಟೆ ಮುಗಿದು, ಮೇಲೆ ಅರ್ಧ ಗಂಟೆ ಸಾಲವಾಗಿತ್ತು.

ದರ್ಜಿ ಟಿಸಿಯ ಬಳಿಗೆ ಹೋದ. ಟಿಸಿ ಹೇಳಿದ, "ಮುಂದಿನ ಗಾಡಿ ಹತ್ತುವವರ ಗುಂಪಿದ್ದರೆ ಜಂಕ್ಷನ್ನಿಗೆ ಫೋನ್ ಮಾಡಿ ನಿಲ್ಲಿಸಲು ಕೇಳಬಹುದು. ಒಬ್ಬನಿಗಾಗಿ ಯಾರು ನಿಲ್ಲಿಸುತ್ತಾರೆ?"

ದರ್ಜಿ ಬೋಗಿಯ ಉದ್ದಕ್ಕೂ ಕೇಳಿದ. ಆ ಗಾಡಿ ಹತ್ತುವವರು ಯಾರೂ ಇರಲಿಲ್ಲ. ಕೊನೆಯ ಸೀಟಿನಲ್ಲಿ ಒಬ್ಬ ಮುದುಕಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವನ ಕತೆಯನ್ನು ಎಣ್ಣೆಗಾಯಿಯಿಂದ ಹಿಡಿದು ಪೂರ್ತಿ ಕೇಳಿದಳು.

"ನಾಯಿಗೆ ಹಾಕಿದ್ಲಾ? ಹಂಗಾದ್ರ ಇನ್ನೂ ಸಿಟ್ಟಿನ್ಯಾಗ ಅದಾಳ. ಸಿಟ್ಟು ಇರೋತನಕ ಆಸೆ ಇರ್ತದೋ ತಮ್ಮಾ. ಕರಿ ಆ ಟಿಸಿನ್ನ."

ಟಿಸಿ ಬಂದ. ಮುದುಕಿ ಕೈ ಎತ್ತಿದಳು. "ನಾವೆಲ್ಲ ದಿಬ್ಬಣದವರು. ಆ ಗಾಡಿನೇ ಹತ್ತಬೇಕು." ಎದುರಿಗಿದ್ದವನೂ ಕೈ ಎತ್ತಿದ. ಅವನ ಪಕ್ಕದವಳು ಎತ್ತಿದಳು. ನೋಡನೋಡುತ್ತ ಬೋಗಿಗೆ ಬೋಗಿಯೇ ಕೈ ಎತ್ತಿತು. ನಿದ್ದೆಯಲ್ಲಿದ್ದ ಒಬ್ಬನ ಕೈಯನ್ನು ಪಕ್ಕದವನು ಎತ್ತಿ ಹಿಡಿದ.

ಟಿಸಿಗೆ ನಗು ಬಂತು. "ಮದುಮಗ ಯಾರು?"

ದರ್ಜಿಯನ್ನು ಮುಂದಕ್ಕೆ ನೂಕಿದರು. ಗಡ್ಡ ಬೆಳೆದಿತ್ತು. ಕಿವಿಯ ಪಕ್ಕದ ಕೂದಲು ನರೆತಿತ್ತು.

"ಇವನಾ?"

"ತಡ ಆಗೇತಿ ಸಾಹೇಬ್ರ. ಅದಕ್ಕ ಇಷ್ಟು ಅವಸರ," ಎಂದಳು ಮುದುಕಿ.

ಟಿಸಿ ಫೋನ್ ಮಾಡಿದ. ಜಂಕ್ಷನ್ನಿನಲ್ಲಿ ಎರಡನೆಯ ಗಾಡಿ ನಿಂತಿತ್ತು. ಹಸಿರು ಬಾವುಟ ಹಿಡಿದಿದ್ದ ಗಾರ್ಡು, ಚೀಲ ಅವಚಿಕೊಂಡು ಓಡಿಬಂದ ಒಬ್ಬನೇ ಒಬ್ಬನನ್ನು ನೋಡಿ, "ದಿಬ್ಬಣ ಎಲ್ಲಿ?" ಎಂದು ಕೇಳಿದ. ದರ್ಜಿ, "ಹಿಂದೆ ಬರುತ್ತಿದೆ" ಎಂದು ಹೇಳಿ ಹತ್ತಿಬಿಟ್ಟ. ಹಿಂದೆ ಬಿಟ್ಟು ಬಂದ ಗಾಡಿಯ ಕಿಟಕಿಗಳಿಂದ ದಿಬ್ಬಣ ಕೈ ಬೀಸುತ್ತಿತ್ತು.

ಇಲ್ಲಿಗೆ ಗುರುಗಳು ನಿಲ್ಲಿಸಿದರು. ಕಲ್ಮೇಶನ ಮುಖ ಅರಳಿತ್ತು.

"ಹಾಗಾದರೆ ತಡವಾದವನಿಗಾಗಿ ಗಾಡಿ ನಿಲ್ಲುತ್ತದೆ, ಅಲ್ಲವೇ ಗುರುಗಳೇ?"

"ನಿಂತ ಗಾಡಿಯಲ್ಲೂ ಜನ ಇರುತ್ತಾರಲ್ಲ," ಎಂದರು ಗುರುಗಳು. "ಕೇಳು."

ಎರಡನೆಯ ಗಾಡಿಯಲ್ಲಿ ಜನ ಬಿಸಿಲಿಗೆ ಬೆಂದು ಕೂತಿದ್ದರು. ಒಬ್ಬ ಹೂವಿನ ವ್ಯಾಪಾರಿ ಮಲ್ಲಿಗೆಯ ಬುಟ್ಟಿಗೆ ನೀರು ಚಿಮುಕಿಸುತ್ತ ಬೈಯುತ್ತಿದ್ದ. "ಯಾವ ರಾಜನ ದಿಬ್ಬಣನೋ! ಬರೋದೂ ಇಲ್ಲ, ಬಿಡೋದೂ ಇಲ್ಲ. ಆ ಮದುಮಗ ಕೈಗೆ ಸಿಗಬೇಕು, ಬಾಸಿಂಗ ಕಿತ್ತು ಕೈಗೆ ಕೊಡ್ತೀನಿ." ಎಲ್ಲರೂ ದಿಬ್ಬಣವನ್ನು ಬೈದರು. ಪಕ್ಕದಲ್ಲಿ ಕೂತ ದರ್ಜಿಯೂ ಬೈದ. ಎಲ್ಲರಿಗಿಂತ ಜೋರಾಗಿ ಬೈದ.

ಬೈಯದವಳು ಒಬ್ಬಳೇ. ಅವಳ ಮಡಿಲಲ್ಲಿ ಒಂದು ಕೂಸು ಮಲಗಿತ್ತು. ಅವಳು ಮತ್ತೆ ಮತ್ತೆ ಒಂದೇ ಮಾತು ಕೇಳುತ್ತಿದ್ದಳು. "ಮುಂದಿನ ಜಂಕ್ಷನ್ ಇನ್ನೂ ಎಷ್ಟು ದೂರ ಐತ್ರಿ?"

ಅವಳ ಗಂಡ ದೇಶದ ಈ ತುದಿಯಿಂದ ಆ ತುದಿಗೆ ಹೋಗುವ ಒಂದು ಗಾಡಿಯಲ್ಲಿ ಚಹಾ ಮಾರುತ್ತಿದ್ದ. ಆ ಗಾಡಿ ಇವತ್ತು ಮುಂದಿನ ಜಂಕ್ಷನ್ನಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದಿತ್ತು. ಕೂಸು ಹುಟ್ಟಿದ ಮೇಲೆ ಅವನು ಈ ಕಡೆ ಬಂದಿರಲಿಲ್ಲ. ಮುಂದೆ ಯಾವ ಗಾಡಿಗೆ ಹಾಕುತ್ತಾರೋ, ಮತ್ತೆ ಯಾವಾಗ ಈ ಹಾದಿಯೋ ಅವನಿಗೇ ಗೊತ್ತಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಮ್ಮೆ ಕೂಸಿನ ಮುಖ ತೋರಿಸಬೇಕೆಂದು ಅವಳು ಹೊರಟಿದ್ದಳು. ಈಗ ಈ ಗಾಡಿ ತಡವಾಗಿತ್ತು. ಇದು ಮುಟ್ಟುವ ಮೊದಲೇ ಅದು ಹೊರಟುಹೋಗುತ್ತದೆ.

ದರ್ಜಿಯ ಬೈಗುಳ ಬಾಯಲ್ಲೇ ಉಳಿಯಿತು.

ಅವನು ಎದ್ದು ಈ ಗಾಡಿಯ ಟಿಸಿಯ ಬಳಿಗೆ ಹೋದ. ಅಲ್ಲಿಯೂ ಅದೇ ಉತ್ತರ. ಒಬ್ಬಳಿಗಾಗಿ ಗಾಡಿ ನಿಲ್ಲುವುದಿಲ್ಲ, ಗುಂಪು ಇದ್ದರೆ ಕೇಳಿ ನೋಡಬಹುದು. ಟಿಸಿ ಇನ್ನೊಂದು ಮಾತು ಸೇರಿಸಿದ. "ದಿಬ್ಬಣ ಅಂತ ಮಾತ್ರ ಹೇಳಬೇಡ. ಒಂದು ದಿನಕ್ಕೆ ಒಂದು ದಿಬ್ಬಣ ಸಾಕು."

ದರ್ಜಿ ಬೋಗಿಯ ನಡುವೆ ನಿಂತು, ಕೂಸಿನ ತಾಯಿಗಾಗಿ ಕೈ ಎತ್ತಿರೆಂದು ಜನರನ್ನು ಬೇಡಿದ. ಒಂದು ಕೈಯೂ ಏಳಲಿಲ್ಲ. ಹೂವಿನ ವ್ಯಾಪಾರಿ ಹೇಳಿದ, "ಒಂದು ದಿಬ್ಬಣದಿಂದ ನನ್ನ ಮಲ್ಲಿಗಿ ಬಾಡಿತು. ಇನ್ನೊಂದಕ್ಕ ನಾನ ಬಾಡಬೇಕೇನು?"

"ಆ ದಿಬ್ಬಣ ನಾನೇ," ಎಂದ ದರ್ಜಿ.

"ಅಷ್ಟೂ ಮಂದಿ?"

"ಒಬ್ಬನೇ."

ವ್ಯಾಪಾರಿ ಬುಟ್ಟಿಯನ್ನು ಪಕ್ಕಕ್ಕಿಟ್ಟ. ಆಮೇಲೆ ಎಲ್ಲರೂ ಒಟ್ಟಿಗೇ ಬೈದರು. ದರ್ಜಿ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿದ. ಅರ್ಧ ಗಂಟೆಯ ಹಿಂದೆ ತಾನೇ ಹೇಳಿಕೊಟ್ಟ ಕೆಲವು ಬೈಗುಳಗಳೂ ಅದರಲ್ಲಿದ್ದವು.

ಜನ ದಣಿದ ಮೇಲೆ ಹೂವಿನ ವ್ಯಾಪಾರಿ ಕೇಳಿದ, "ಮದುಮಗಳು ಎಲ್ಲಿ?"

ದರ್ಜಿ ಅರ್ಧ ಹೊಲಿದ ಅಂಗಿಯಂಥ ಮಾತಿನಲ್ಲಿ ಎಲ್ಲವನ್ನೂ ಹೇಳಿದ. ಎರಡು ಸಲ ಬಂದು ಮರಳಿದವಳು, ನಾಯಿ, ಫೋನು, ಕುಪ್ಪಸ. ಕೊನೆಗೆ, "ನಮ್ಮೂರ ಸ್ಟೇಷನ್ನಿನಲ್ಲಿ ನಿಂತಿರುತ್ತಾಳೆ" ಎಂದ. ಹೇಳಿ ಮುಗಿಸುವಾಗ ಅವನ ದನಿ ಇಳಿಯಿತು. ಈ ಗಾಡಿಯೂ ತಡವಾಗಿತ್ತು. ಮೂರನೇ ಸಲವೂ ಬರಲಿಲ್ಲ ಎಂದುಕೊಂಡು ಅವಳು ಎದ್ದು ಹೋಗಿದ್ದರೆ?

"ದರ್ಜಿ ಮಾತು ಯಾರು ನಂಬ್ತಾರ? ನನ್ನ ಅಂಗಿ ಯುಗಾದಿಗೆ ಕೊಡ್ತೀನಂದವ ದಸರಾಕ್ಕ ಕೊಟ್ಟ," ಎಂದ ವ್ಯಾಪಾರಿ. ಸ್ವಲ್ಪ ಹೊತ್ತು ಕೂಸನ್ನು ನೋಡಿದ. "ನಿಮ್ಮೂರು ಜಂಕ್ಷನ್ನಿಗಿಂತ ಮೊದಲೇ ಬರ್ತದಲ್ಲ? ಹಂಗಾರ ಹಿಂಗ ಮಾಡೂಣು. ಆಕಿ ನಿಂತಿದ್ರ ನಿನ್ನ ಮಾತು ಖರೆ. ಆವಾಗ ನಾವೆಲ್ಲ ಈ ಕೂಸಿನ ಕಡೆಯವರು, ಎಲ್ಲಾರೂ ಕೈ ಎತ್ತತೀವಿ. ನಿಂತಿರಲಿಲ್ಲ ಅಂದ್ರ ನಿನ್ನ ಅಲ್ಲೇ ಇಳಿಸಿ ಸುಮ್ಮನ ಹೋಗ್ತೀವಿ."

ಬೋಗಿ ಒಪ್ಪಿತು. ಕೂಸಿನ ತಾಯಿ ದರ್ಜಿಯ ಮುಖವನ್ನೇ ನೋಡುತ್ತಿದ್ದಳು.

ಎರಡು ವರ್ಷ ದರ್ಜಿ ಅವಳು ನಿಂತಿರಲಿ ಎಂದು ಆಸೆಪಟ್ಟಿದ್ದ. ಅವಳು ಹೇಗೆ ನಿಂತಿರುತ್ತಾಳೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಕಾಲು ನೋಯುತ್ತದೆಯೇ, ಬಿಸಿಲು ಬೀಳುತ್ತದೆಯೇ, ಸ್ಟೇಷನ್ನಿನವರು ಏನಾದರೂ ಕೇಳಿದರೆ ಏನು ಹೇಳುತ್ತಾಳೆ ಎಂದು ಯೋಚಿಸಿರಲಿಲ್ಲ. ಈಗ ಕಿಟಕಿಯ ಆಚೆ ಪರಿಚಯದ ಬೇವಿನ ಮರಗಳು ಬರತೊಡಗಿದ ಮೇಲೆ ಅದೆಲ್ಲ ಒಂದೊಂದಾಗಿ ಅವನಿಗೆ ಹೊಳೆಯಿತು. ಚೀಲದಿಂದ ಕುಪ್ಪಸ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾಲ್ಕು ಬೆರಳು ಬಿಟ್ಟಿದ್ದು ಸಾಲದು ಎನ್ನಿಸಿತು.

ಗಾಡಿ ನಿಧಾನವಾಯಿತು. ಬೋಗಿಯ ಜನ ಕಿಟಕಿಗಳಿಗೆ ಮುತ್ತಿದರು. ಒಂದೊಂದು ಕಿಟಕಿಯಲ್ಲಿ ಮೂರು ಮೂರು ತಲೆ. ಹೂವಿನ ವ್ಯಾಪಾರಿ ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆ ಕಿತ್ತು ಕೈಯಲ್ಲಿ ಹಿಡಿದಿದ್ದ. ಯಾರೋ ಕೇಳಿದರು, "ನಿನಗ ಅವನ ಮಾತಿನ ಮ್ಯಾಲೆ ನಂಬಿಕಿ ಇಲ್ಲ, ಹೂವು ಯಾಕ?"

"ಬಾಡಿದ್ದು. ಹೆಂಗೂ ಮಾರೂದಿಲ್ಲ," ಎಂದ ವ್ಯಾಪಾರಿ. ಆದರೆ ಅದಕ್ಕೂ ನೀರು ಚಿಮುಕಿಸಿದ.

ಪ್ಲಾಟ್‌ಫಾರ್ಮ್ ಬಂತು. ಎಲ್ಲರ ಕಣ್ಣೂ ಹೊರಗಿತ್ತು. ದರ್ಜಿ ಮಾತ್ರ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿದ್ದ. ಗಾಡಿ ನಿಂತಿತು.

ಗುರುಗಳೂ ಅಲ್ಲಿಗೇ ನಿಂತರು. ಪಕ್ಕದ ತಂಬಿಗೆ ಎತ್ತಿ ನೀರು ಕುಡಿದರು. ತಂಬಿಗೆಯನ್ನು ಕೆಳಗಿಟ್ಟರು.

ಕಲ್ಮೇಶ ಮೊಣಕಾಲಿನ ಮೇಲೆ ಮುಂದಕ್ಕೆ ಜರುಗಿದ್ದ. "ನಿಂತಿದ್ದಳೇ, ಗುರುಗಳೇ?"

ಗುರುಗಳು ತಂಬಿಗೆಯ ಬಾಯಿಗೆ ಲೋಟ ಮುಚ್ಚಿದರು.

"ಹೇಳಿ ಗುರುಗಳೇ. ಅವಳು ಅಲ್ಲಿ ನಿಂತಿದ್ದಳೇ?"

"ನಿಂತಿದ್ದಳು ಎಂದು ನಾನು ಹೇಳಿಬಿಟ್ಟರೆ, ನೀನು ಇಲ್ಲಿಯೇ ಕೂತುಬಿಡುತ್ತೀಯಲ್ಲ, ಕಲ್ಮೇಶಾ."