ಭಾಷಣದ ಹಿಂದೆ ಅಧ್ಯಕ್ಷರು

ಕಾಮಿಕ್ಸ್ ಬಿಡಿಸಲು ಯಾವ ಪೆನ್ನು ಒಳ್ಳೆಯದು ಅಂತ ಕೇಳಿಕೊಂಡು ಬರುವವರಿಗೆಲ್ಲ ನಾನು ಹೇಳುವುದು ಒಂದೇ. ಪೆನ್ನಿನ ಮನೆ ಹಾಳಾಗಲಿ, ಮೊದಲು ಮಾತು ಬರೆಯಿರಿ. ಉಳಿದ ಜಾಗದಲ್ಲಿ ಮನುಷ್ಯರನ್ನು ಬಿಡಿಸಿ.

ನಮ್ಮೂರ ಪುರಸಭೆಯವರು ಕಸ ವಿಂಗಡಿಸುವುದರ ಬಗ್ಗೆ ಮಕ್ಕಳಿಗೊಂದು ಕಾಮಿಕ್ಸ್ ಮಾಡಿಸಿದರು. ಚಿತ್ರ ನನ್ನದು, ಹೀರೋ ಅಧ್ಯಕ್ಷ ಚನ್ನವೀರಪ್ಪನವರು. ಮೀಸೆ ತೆಳುವಾಯಿತು ಎಂದರು, ದಪ್ಪ ಮಾಡಿದೆ. ಹೊಟ್ಟೆ ಜಾಸ್ತಿಯಾಯಿತು ಎಂದರು, ಒಳಗೆ ತಳ್ಳಿದೆ. ಕೊನೆಗೆ ಕಸದ ಬಗ್ಗೆ ತಾವು ಮಾಡಿದ್ದ ಸ್ವಾತಂತ್ರ್ಯೋತ್ಸವದ ಭಾಷಣವನ್ನೇ ತಂದು ಕೈಗಿಟ್ಟರು.

"ಇದು ಪೂರ್ತಿ ನನ್ನ ಬಾಯಲ್ಲಿ ಬರಬೇಕು. ಒಂದಕ್ಷರ ಬಿಟ್ಟರೂ ಬೇರೆ ಆರ್ಟಿಸ್ಟ್ ಸಿಗ್ತಾನೆ."

"ಜಾಗ ಸಾಲಲ್ಲ ಸಾರ್."

"ಅದು ನಿನ್ನ ತಲೆನೋವು."

ಸರಿ, ಪೆನ್ಸಿಲಿನಲ್ಲಿ ಒಂದಕ್ಷರ ಬಿಡದೆ ಬರೆದೆ. ಮಾತಿನ ಗುಳ್ಳೆ ಉಬ್ಬಿ ಉಬ್ಬಿ ಇಡೀ ಚೌಕವನ್ನು ನುಂಗಿತು. ಕೆಳಗಿನ ಮೂಲೆಯಲ್ಲಿ ಒಂದು ಚಪ್ಪಲಿ ಮಾತ್ರ ಉಳಿಯಿತು.

ಅಧ್ಯಕ್ಷರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾನೆಲ್ಲಯ್ಯಾ?"

"ಭಾಷಣದ ಹಿಂದಿದ್ದೀರಿ ಸಾರ್. ಮೀಸೆ ದಪ್ಪಗೇ ಇದೆ."

ಅವರು ನನ್ನನ್ನು ದುರುಗುಟ್ಟಿ ನೋಡಿ, ಕೆಂಪು ಪೆನ್ನು ತೆಗೆದು ಕೊನೆಯ ನಾಲ್ಕು ಸಾಲು ಹೊಡೆದುಹಾಕಿದರು. ನಾನು ಅಷ್ಟನ್ನು ಅಳಿಸಿ ಅವರ ಮೊಣಕಾಲು ಬಿಡಿಸಿದೆ. ಇನ್ನಷ್ಟು ಸಾಲು ಹೊಡೆದುಹಾಕಿದರು. ಸೊಂಟ ಬಂತು, ಎದೆ ಬಂತು. ಮೀಸೆ ಕಾಣುವ ಹೊತ್ತಿಗೆ ಭಾಷಣದಲ್ಲಿ ಉಳಿದದ್ದು "ಮಕ್ಕಳೇ, ಹಸಿ ಕಸ ಬೇರೆ, ಒಣ ಕಸ ಬೇರೆ" ಅಷ್ಟೇ. ಮೊದಲ ದಿನ ಈ ಗುಳ್ಳೆಗೆ ನಾನು ಬರೆದುಕೊಟ್ಟದ್ದೂ ಅದನ್ನೇ.

ಅಧ್ಯಕ್ಷರು ಮೀಸೆ ತಿರುವಿದರು. "ನೋಡು, ಈಗ ಸರಿಯಾಯ್ತು. ಇಷ್ಟು ಸಣ್ಣ ವಿಷಯಾನೂ ನಿನಗೆ ನಾನೇ ಹೇಳಿಕೊಡಬೇಕಲ್ಲಯ್ಯಾ!"