ಮಕ್ಕಳು ಕೊಟ್ಟ ತೀರ್ಪು

ಶಾಲಾ ಮಾಸ್ತರನಾಗಿದ್ದ ಚನ್ನವೀರ ತನ್ನ ಗುರುಗಳನ್ನು ಕೇಳಿದ: "ಮಕ್ಕಳಿಗೆ ಓದಿನ ರುಚಿ ಹತ್ತಲಿ ಎಂದು ಹನ್ನೆರಡು ಪುಸ್ತಕ ಕೊಟ್ಟೆ. ಬಹುಮಾನ ಯಾವುದಕ್ಕೆಂದು ನೀವೇ ತೀರ್ಮಾನಿಸಿ ಎಂದೆ. ಎಲ್ಲವನ್ನೂ ಓದಿ ಒಂದು ಹುಡುಗಾಟದ ಕತೆಯನ್ನು ಆರಿಸಿದ್ದಾರೆ. ನಾಳೆ ಸಭೆಯಲ್ಲಿ ಬೇರೆ ಒಳ್ಳೆಯ ಪುಸ್ತಕದ ಹೆಸರು ಹೇಳಿದರೆ ತಪ್ಪೇ?"

ಕೂತುಕೋ ಮಾರಾಯ, ಅವಸರವೇನು ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಜವಳಿ ವರ್ತಕನಿದ್ದ. ಅವನಿಗೆ ಅಕ್ಷರ ಬಂದದ್ದೇ ಮೀಸೆ ಬಂದ ಮೇಲೆ. ಊರಿನ ಮಕ್ಕಳಾದರೂ ಎಳೆತನದಲ್ಲೇ ಓದಿನ ಸುಖ ಕಾಣಲಿ ಎಂಬುದೊಂದೇ ಅವನ ಆಸೆ. ಅವನೂ ನಿನ್ನ ಹಾಗೆಯೇ ಪುಸ್ತಕಗಳ ಕಟ್ಟು ಕಟ್ಟಿ ಶಾಲೆಗೆ ಕಳಿಸಿದ, ತೀರ್ಪನ್ನು ಮಕ್ಕಳಿಗೇ ಬಿಟ್ಟ. ಮಕ್ಕಳು ತಿಂಗಳೊಪ್ಪತ್ತು ಓದಿದರು. ಬಾವಿಕಟ್ಟೆಯಲ್ಲಿ, ಊಟದ ಸಾಲಿನಲ್ಲಿ ಅದೇ ಜಗಳ. ಒಂದು ಕತೆ ಮುಗಿದ ರೀತಿ ಸರಿಯೋ ತಪ್ಪೋ ಎಂದು ಇಬ್ಬರು ಗೆಳೆಯರು ಮಾತು ಬಿಟ್ಟರು. ಕಡೆಗೆ ತುಪ್ಪ ಕದಿಯುವ ಬೆಕ್ಕಿನ ಕತೆ ಗೆದ್ದಿತು. ಆ ಬೆಕ್ಕು ಕೊನೆಯವರೆಗೂ ಸಿಕ್ಕಿಬೀಳುವುದಿಲ್ಲ.

ಊರ ಹಿರಿಯರು ಮುಖ ಸಿಂಡರಿಸಿದರು. ಕಳ್ಳಬೆಕ್ಕಿಗೆ ಬಹುಮಾನ ಕೊಟ್ಟರೆ ಮಕ್ಕಳ ಗತಿಯೇನು ಎಂದರು. ವರ್ತಕ ಹೆದರಿದ. ಸಭೆಯಲ್ಲಿ ಸದಾಚಾರದ ಪುಸ್ತಕದ ಹೆಸರು ಹೇಳಿಬಿಟ್ಟ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಪ್ಪಾಳೆ ತಟ್ಟಿದರು.

ಮರುವರ್ಷ ಹೊಸ ಕಟ್ಟು ಹೋಯಿತು, ಮೇಲೆ ಪುಸ್ತಕಗಳ ಹೆಸರಿನ ಪಟ್ಟಿ ಅಂಟಿಸಿತ್ತು. ಎರಡೇ ದಿನಕ್ಕೆ ತೀರ್ಪು ಬಂತು. ನೀತಿಬೋಧೆಯ ಪುಸ್ತಕಕ್ಕೆ ಬಹುಮಾನ, ಎಲ್ಲರದೂ ಒಂದೇ ಮಾತು. ಅಂತೂ ಮಕ್ಕಳಿಗೆ ಬುದ್ಧಿ ಬಂತು ಎಂದು ವರ್ತಕ ಹಿಗ್ಗಿ ಹೀರೇಕಾಯಿಯಾದ. ಬೆನ್ನು ತಟ್ಟಿ ಬರೋಣವೆಂದು ಶಾಲೆಗೆ ಹೋದ. ಕಟ್ಟು ಬೀರುವಿನ ಮೇಲಿತ್ತು. ಅಂಗಡಿಯಲ್ಲಿ ತಾನೇ ಬಿಗಿದ ಗಂಟನ್ನು ಯಾರೂ ಬಿಚ್ಚಿರಲಿಲ್ಲ.

ಓದದೆ ಹೇಗೆ ಆರಿಸಿದಿರಿ ಎಂದು ಕೇಳಿದ. ಗಾಣಿಗರ ಹುಡುಗಿ ತಾಯವ್ವ ಎದ್ದು ನಿಂತಳು.

"ನಿಮಗೆ ಯಾವುದು ಬೇಕು ಅಂತ ಪಟ್ಟಿ ನೋಡಿದರೇ ಗೊತ್ತಾಗುತ್ತೆ ಸಾವ್ಕಾರ್ರೇ. ಅದಕ್ಕೆ ಓದೋದ್ಯಾಕೆ?"

ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ವರ್ತಕ ಯಾರ ಬೆನ್ನನ್ನೂ ತಟ್ಟದೆ ಮನೆಗೆ ಹೋದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಚನ್ನವೀರನಿಗೆ ಸಮಾಧಾನವಾಗಲಿಲ್ಲ. ಅದೆಲ್ಲ ಸರಿ, ಆದರೂ ಈ ಪುಸ್ತಕ ಬಹುಮಾನಕ್ಕೆ ತಕ್ಕದ್ದಲ್ಲ, ಮುಖಪುಟ ನೋಡಿದರೇ ತಿಳಿಯುತ್ತದೆ ಎಂದ.

"ತಕ್ಕದ್ದು ಎನ್ನುವುದಕ್ಕೆ ಮಕ್ಕಳು ಹನ್ನೆರಡನ್ನೂ ಓದಿದ್ದಾರೆ, ಅಲ್ಲ ಎನ್ನುವುದಕ್ಕೆ ನೀನು ಎಷ್ಟು ಓದಿದ್ದೀಯಪ್ಪ?"